ಬಿಲ್ಡ್ ಪಾಸ್ ಆಯಿತು, ಕನ್ನಡ ಎಲ್ಲಿ ಹೋಯಿತು?

(ಕನ್ನಡ ತಂತ್ರಾಂಶದ ಕೆಲಸಕ್ಕೆ ಕೈಜೋಡಿಸುತ್ತಿರುವ ಹೊರನಾಡ ಗೆಳೆಯರ ಕೂಟದಲ್ಲಿ ಆಡಿದ ಮಾತುಗಳ ಬರಹರೂಪ)



ಇವತ್ತಿನ ವಿಷಯ ಕೇಳಿ ಕೆಲವರಿಗೆ ನಗು ಬಂದಿರಬಹುದು. ಕನ್ನಡದ ಕೂಟದಲ್ಲಿ ಮೇಕ್‌ಫೈಲ್ ಬಗ್ಗೆ ಏನಪ್ಪಾ ಮಾತು ಅಂತ. ಆಫೀಸಿನಲ್ಲಿ ವಾರಕ್ಕೆ ಐದು ದಿನ ನೋಡುವುದು ಅದನ್ನೇ, ಶನಿವಾರವೂ ಅದೇ ಬೇಕಾ ಅಂತ. ಆದರೆ ಸ್ವಲ್ಪ ತಾಳ್ಮೆಯಿಂದ ಕೇಳಿ. ನಾವು ಮಾಡುವ ಕನ್ನಡದ ಕೆಲಸ ಬಳಕೆದಾರನ ಕೈ ಸೇರುತ್ತದೋ ಇಲ್ಲವೋ ಎಂಬುದು ಎಷ್ಟೋ ಸಲ ಬಿಲ್ಡ್ ಸ್ಕ್ರಿಪ್ಟಿನ ಒಂದೇ ಒಂದು ಇಫ್ ಸಾಲಿನಲ್ಲಿ ತೀರ್ಮಾನವಾಗುತ್ತದೆ.

ಹೇಗೆ ಅಂತ ನೋಡೋಣ. ಒಬ್ಬರು ರಾತ್ರಿ ಊಟ ಮುಗಿಸಿ, ಮಕ್ಕಳನ್ನು ಮಲಗಿಸಿ, ಒಂದು ತಂತ್ರಾಂಶದ ಸಾವಿರ ಸಾಲುಗಳನ್ನು ಕನ್ನಡಕ್ಕೆ ತರುತ್ತಾರೆ. ಅದು ಪಿಓ ಫೈಲಿನಲ್ಲಿ ಕೂರುತ್ತದೆ. ಬಿಲ್ಡ್ ಆಗುವಾಗ ಗೆಟ್‌ಟೆಕ್ಸ್ಟ್ ಅದನ್ನು ಎಂಓ ಫೈಲಾಗಿ ಮಾಡುತ್ತದೆ, ಎಂಓ ಫೈಲು ಪ್ಯಾಕೇಜಿಗೆ ಸೇರುತ್ತದೆ, ಪ್ಯಾಕೇಜು ಹಾಸನದಲ್ಲೋ ಕಲಬುರಗಿಯಲ್ಲೋ ಇರುವ ಒಬ್ಬರ ಗಣಕಕ್ಕೆ ಹೋಗುತ್ತದೆ. ಪಿಓ ಫೈಲಿಗೂ ಪ್ಯಾಕೇಜಿಗೂ ನಡುವೆ ಕಾವಲು ಕೂತಿರುವುದು ಬಿಲ್ಡ್ ಸ್ಕ್ರಿಪ್ಟ್. "ಭಾಷೆ ಕನ್ನಡವಾದರೆ ಇದನ್ನು ಸೇರಿಸು" ಎಂಬ ಹೋಲಿಕೆ ಅಲ್ಲಿ ತಪ್ಪಿದರೆ ಏನಾಗುತ್ತದೆ? ಏನೂ ಆಗುವುದಿಲ್ಲ! ಅದೇ ತೊಂದರೆ. ಸೆಮಿಕೋಲನ್ ಬಿಟ್ಟರೆ ಕಂಪೈಲರ್ ಬೊಬ್ಬೆ ಹೊಡೆಯುತ್ತದೆ. ಹೋಲಿಕೆ ತಪ್ಪಿದರೆ ಯಾರೂ ಬೊಬ್ಬೆ ಹೊಡೆಯುವುದಿಲ್ಲ, ಏಕೆಂದರೆ "ಸುಳ್ಳು" ಎನ್ನುವುದೂ ಒಂದು ನ್ಯಾಯವಾದ ಉತ್ತರವೇ. ಸ್ಕ್ರಿಪ್ಟ್ ಎಲ್ಸ್ ದಾರಿ ಹಿಡಿಯುತ್ತದೆ, ಬಿಲ್ಡ್ ಪಾಸ್ ಆಗುತ್ತದೆ, ಹಸಿರು ದೀಪ ಹೊತ್ತಿಕೊಳ್ಳುತ್ತದೆ, ಕನ್ನಡ ಮಾತ್ರ ಒಳಗೆ ಇರುವುದಿಲ್ಲ.

ಆ ಕಡೆ ಬಳಕೆದಾರ ಮೆನುವಿನಲ್ಲಿ ಕನ್ನಡ ಹುಡುಕಿ, ಸಿಗದೆ, ಇಂಗ್ಲಿಷಿನಲ್ಲೇ ಮುಂದುವರಿಯುತ್ತಾನೆ. ದೂರು ಕೊಡುವುದಿಲ್ಲ. ಕೆಲವು ವರ್ಷ ಕಳೆದ ಮೇಲೆ ಯಾರೋ "ಕನ್ನಡಕ್ಕೆ ಬೇಡಿಕೆಯೇ ಇಲ್ಲ, ಯಾರೂ ಬಳಸುತ್ತಿಲ್ಲ" ಅನ್ನುತ್ತಾರೆ. ಬಾಗಿಲಿಗೆ ಬೀಗ ಹಾಕಿ, ಗಿರಾಕಿ ಬರಲಿಲ್ಲ ಅಂದಹಾಗೆ! ಈ ಮಾತಿಗೆ ನಾವು ಸಭೆಯಲ್ಲಿ ಉತ್ತರ ಕೊಡುವ ಮೊದಲು ಸ್ಕ್ರಿಪ್ಟಿನಲ್ಲಿ ಉತ್ತರ ಕೊಡಬೇಕು. ಅದಕ್ಕಾಗಿ ಇವತ್ತು ಇಂಥ ಹೋಲಿಕೆಗಳು ಎಲ್ಲೆಲ್ಲಿ ಕೈಕೊಡುತ್ತವೆ, ಹುಡುಕುವುದು ಹೇಗೆ ಎಂದು ಹೇಳುತ್ತೇನೆ. ಕೋಡ್ ಸಾಲುಗಳನ್ನು ಬಾಯಲ್ಲಿ ಓದುವ ಹಾಗೆಯೇ ಹೇಳುತ್ತೇನೆ. ಉದಾಹರಣೆಗೆ ಆಪ್_ಲ್ಯಾಂಗ್ ಎಂಬ ಒಂದು ವೇರಿಯಬಲ್ ಇದೆ, ಅದರ ಬೆಲೆ "ಕೆಎನ್" ಇರಬೇಕು ಎಂದಿಟ್ಟುಕೊಳ್ಳಿ.

ಮೊದಲು ಶೆಲ್ ಸ್ಕ್ರಿಪ್ಟ್

ಇಫ್ ಬರೆದು, ಚೌಕ ಬ್ರಾಕೆಟ್ಟಿನೊಳಗೆ ಡಾಲರ್ ಆಪ್_ಲ್ಯಾಂಗ್ ಈಕ್ವಲ್ ಕೆಎನ್ ಅಂತ ಕೋಟ್ ಇಲ್ಲದೆ ಹಾಕಿದ್ದಾರೆ ಅನ್ನಿ. ವೇರಿಯಬಲ್ ಖಾಲಿ ಇದ್ದರೆ ಎಡಗಡೆ ಏನೂ ಉಳಿಯುವುದಿಲ್ಲ. ಬ್ಯಾಶ್ "ಯೂನರಿ ಆಪರೇಟರ್ ಎಕ್ಸ್‌ಪೆಕ್ಟೆಡ್" ಅನ್ನುತ್ತದೆ. ಅದರಲ್ಲಿ "ಕೆಎನ್ ಟಿಎ ಟಿಇ" ಅಂತ ಮೂರು ಭಾಷೆ ಇದ್ದರೆ "ಟೂ ಮೆನಿ ಆರ್ಗ್ಯುಮೆಂಟ್ಸ್" ಅನ್ನುತ್ತದೆ. ದೋಷ ಕಂಡಿತಲ್ಲ, ಸ್ಕ್ರಿಪ್ಟ್ ನಿಲ್ಲುತ್ತದೆ ಅಂದುಕೊಳ್ಳಬೇಡಿ. ಇಫ್ ಒಳಗಿನ ದೋಷವನ್ನು ಶೆಲ್ "ಸುಳ್ಳು" ಎಂದೇ ತೆಗೆದುಕೊಂಡು ಮುಂದೆ ಹೋಗುತ್ತದೆ. ಮೇಲೆ ಸೆಟ್ ಮೈನಸ್ ಇ ಹಾಕಿದ್ದರೂ ಅಷ್ಟೇ, ಇಫ್‌ನ ಷರತ್ತಿಗೆ ಅದು ಅನ್ವಯಿಸುವುದಿಲ್ಲ. ಐದು ಸಾವಿರ ಸಾಲಿನ ಲಾಗಿನಲ್ಲಿ ಆ ಒಂದು ಸಾಲು ಯಾರ ಕಣ್ಣಿಗೆ ಬೀಳಬೇಕು ಹೇಳಿ?

ಎರಡನೆಯದು ಎರಡು ಈಕ್ವಲ್ ಚಿಹ್ನೆ. ಬ್ಯಾಶ್‌ನಲ್ಲಿ ಅದು ನಡೆಯುತ್ತದೆ. ಆದರೆ ಉಬುಂಟು 2006ರ 6.10 ಆವೃತ್ತಿಯಿಂದ ಎಸ್‌ಎಚ್ ಎಂಬ ಹೆಸರಿಗೆ ಬ್ಯಾಶ್ ಬದಲು ಡ್ಯಾಶ್ ಕೂರಿಸಿತು. ಮೇಲೆ ಎಸ್‌ಎಚ್ ಎಂದು ಬರೆದುಕೊಂಡು ಒಳಗೆ ಬ್ಯಾಶ್ ಮಾತಾಡುತ್ತಿದ್ದ ಸ್ಕ್ರಿಪ್ಟುಗಳು ಅಲ್ಲಿ ಎಡವಿದವು. ಒಂದೇ ಈಕ್ವಲ್ ಬರೆದು, ಎರಡೂ ಕಡೆ ಡಬಲ್ ಕೋಟ್ ಹಾಕಿದರೆ ಎಲ್ಲ ಕಡೆ ನಡೆಯುತ್ತದೆ.

ಮೂರನೆಯದು ಆವೃತ್ತಿಯ ಹೋಲಿಕೆ. ಅಕ್ಷರ ಜೋಡಿಸುವ ಲೈಬ್ರರಿ 3.9ಕ್ಕಿಂತ ಹೊಸದಾದರೆ ಮಾತ್ರ ಒತ್ತಕ್ಷರದ ಸೌಲಭ್ಯ ಸೇರಿಸು ಅಂತ ಸ್ಕ್ರಿಪ್ಟ್ ಕೇಳುತ್ತದೆ ಅನ್ನಿ. ನಿಮ್ಮ ಬಳಿ 3.10 ಇದೆ. ಅಕ್ಷರ ಅಕ್ಷರ ಹೋಲಿಸಿದರೆ 9ರ ಮುಂದೆ 1 ಚಿಕ್ಕದು, ಹೊಸ ಆವೃತ್ತಿ ಹಳೆಯದಾಯಿತು. ಸಂಖ್ಯೆಯಾಗಿ ನೋಡಿದರೂ 3.10 ಅಂದರೆ 3.1, ಮತ್ತೆ ಚಿಕ್ಕದು. ಇನ್ನು ಒಂಟಿ ಚೌಕ ಬ್ರಾಕೆಟ್ಟಿನಲ್ಲಿ "ದೊಡ್ಡದು" ಚಿಹ್ನೆಯನ್ನು ಹಾಗೇ ಬರೆದರೆ ಶೆಲ್ ಹೋಲಿಸುವುದೇ ಇಲ್ಲ, ಔಟ್‌ಪುಟ್ಟನ್ನು ಫೈಲಿಗೆ ಕಳಿಸು ಎಂದು ಅರ್ಥ ಮಾಡಿಕೊಂಡು 3.9 ಎಂಬ ಹೆಸರಿನ ಖಾಲಿ ಫೈಲು ಸೃಷ್ಟಿಸುತ್ತದೆ! ನಿಮ್ಮ ಫೋಲ್ಡರಿನಲ್ಲಿ ಅಂಥ ವಿಚಿತ್ರ ಹೆಸರಿನ ಫೈಲು ಕಂಡರೆ ಎಲ್ಲೋ ಒಂದು ಹೋಲಿಕೆ ಹೀಗೆ ಬರೆದಿದ್ದಾರೆ ಎಂದು ತಿಳಿಯಿರಿ. ಸಿಮೇಕ್‌ನಲ್ಲಿ ಇದಕ್ಕೆಂದೇ ವರ್ಷನ್_ಲೆಸ್, ವರ್ಷನ್_ಗ್ರೇಟರ್ ಇವೆ. ಗ್ನು ಸಲಕರಣೆಗಳಲ್ಲಿ ಸಾರ್ಟ್ ಮೈನಸ್ ದೊಡ್ಡ ವಿ ಇದೆ.

ಮೇಕ್‌ಫೈಲಿನ ಕಣ್ಣಿಗೆ ಕಾಣದ ಖಾಲಿ ಜಾಗ

ಗ್ನು ಮೇಕ್‌ನಲ್ಲಿ "ಆಪ್_ಲ್ಯಾಂಗ್ = ಕೆಎನ್" ಎಂದು ಬರೆದು, ಎರಡು ಸ್ಪೇಸ್ ಬಿಟ್ಟು, ಹ್ಯಾಷ್ ಹಾಕಿ "ಇದು ಕನ್ನಡ" ಎಂದು ಟಿಪ್ಪಣಿ ಬರೆದಿದ್ದಾರೆ. ಒಳ್ಳೆಯ ಅಭ್ಯಾಸವೇ. ಆದರೆ ಮೇಕ್ ಟಿಪ್ಪಣಿಯನ್ನು ಮಾತ್ರ ಬಿಡುತ್ತದೆ, ಅದಕ್ಕೆ ಮುಂಚಿನ ಆ ಎರಡು ಸ್ಪೇಸ್ ಬೆಲೆಯ ಭಾಗವಾಗಿಯೇ ಉಳಿಯುತ್ತವೆ. ಆಮೇಲೆ ಇಫ್‌ಈಕ್ಯೂ ಹಾಕಿ "ಕೆಎನ್" ಜೊತೆ ಹೋಲಿಸಿದರೆ ಸುಳ್ಳು. ಪರದೆ ಮೇಲೆ ಮುದ್ರಿಸಿದರೆ ಎರಡೂ ಒಂದೇ ಥರ ಕಾಣುತ್ತವೆ. ಪರಿಹಾರ ಸುಲಭ: ಹೋಲಿಸುವ ಮುಂಚೆ ಸ್ಟ್ರಿಪ್ ಎಂಬ ಫಂಕ್ಷನ್ ಹಾಕಿ, ಇಲ್ಲವೇ ಫಿಲ್ಟರ್ ಬಳಸಿ. ಫಿಲ್ಟರ್ ಪದ ಪದವಾಗಿ ನೋಡುವುದರಿಂದ ಸುತ್ತಲಿನ ಸ್ಪೇಸ್ ಅಡ್ಡ ಬರುವುದಿಲ್ಲ, ಭಾಷೆಗಳ ಪಟ್ಟಿ ಇದ್ದರೂ ಕೆಲಸ ಮಾಡುತ್ತದೆ.

ಇನ್ನೊಂದು, ಇಫ್‌ಡೆಫ್. "ಮೇಕ್ ಕನ್ನಡ=ನೋ" ಎಂದು ಕೊಟ್ಟರೂ ಇಫ್‌ಡೆಫ್ ನಿಜವೇ ಆಗುತ್ತದೆ, ಏಕೆಂದರೆ ಅದು ನೋಡುವುದು ಬೆಲೆ ಖಾಲಿಯೋ ಅಲ್ಲವೋ ಎಂಬುದನ್ನಷ್ಟೇ. "ನೋ" ಕೂಡ ಖಾಲಿಯಲ್ಲವಲ್ಲ.

ಸಿಮೇಕ್: ಹೆಸರೋ ಬೆಲೆಯೋ?

ಸಿಮೇಕ್‌ನ ಗೊಂದಲವೇ ಬೇರೆ. ಅದರ ಇಫ್, ತನಗೆ ಕೊಟ್ಟ ಪದ ಒಂದು ವೇರಿಯಬಲ್ಲಿನ ಹೆಸರಾಗಿದ್ದರೆ ಕೇಳದೆಯೇ ಅದರ ಬೆಲೆಯನ್ನು ತಂದು ಕೂರಿಸುತ್ತದೆ. ಬಹಳ ಜನ ಬಿದ್ದ ಗುಂಡಿ ಇದು: ಕಂಪೈಲರ್ ಐಡಿ "ಎಂಎಸ್‌ವಿಸಿ" ಹೌದೋ ಎಂದು ಸ್ಟ್ರ್‌ಈಕ್ವಲ್ ಹಾಕಿ ಕೇಳುತ್ತಾರೆ. ಆದರೆ ಮೈಕ್ರೋಸಾಫ್ಟ್ ಕಂಪೈಲರ್ ಇದ್ದಾಗ ಎಂಎಸ್‌ವಿಸಿ ಎಂಬ ಹೆಸರಿನ ವೇರಿಯಬಲ್ಲೇ ಒಂದು ಇರುತ್ತದೆ, ಅದರ ಬೆಲೆ 1. ಹಾಗಾಗಿ ಸಿಮೇಕ್ ಹೋಲಿಸಿದ್ದು "ಎಂಎಸ್‌ವಿಸಿ"ಯನ್ನು 1ರ ಜೊತೆ. ಕೋಟ್ ಹಾಕಿದರೂ ಹಳೆಯ ಸಿಮೇಕ್ ಬಿಡುತ್ತಿರಲಿಲ್ಲ. 2014ರಲ್ಲಿ ಬಂದ 3.1ನೇ ಆವೃತ್ತಿ ಸಿಎಂಪಿ0054 ಎಂಬ ಪಾಲಿಸಿ ತಂದು, ಕೋಟ್ ಒಳಗಿರುವುದನ್ನು ಮುಟ್ಟುವುದಿಲ್ಲ ಎಂದಿತು. 2025ರಲ್ಲಿ ಬಂದ 4.0 ಹಳೆಯ ನಡವಳಿಕೆಯನ್ನು ತೆಗೆದೇ ಹಾಕಿತು. ಆದರೆ 3.x ಸಿಮೇಕ್‌ನಲ್ಲಿ, ಕನಿಷ್ಠ ಆವೃತ್ತಿ 2.8 ಎಂದು ಬರೆದುಕೊಂಡಿರುವ ಹಳೆಯ ಯೋಜನೆಗಳಿಗೆ ಹಳೆಯ ನಡವಳಿಕೆಯೇ ಸಿಗುತ್ತದೆ, ಜೊತೆಗೊಂದು ಎಚ್ಚರಿಕೆ ಅಷ್ಟೇ. ಕೋಟ್ ಇಲ್ಲದ ಪದಕ್ಕಂತೂ ಇವತ್ತಿಗೂ ಹಾಗೆಯೇ.

ಇದು ನಮಗೆ ಹೇಗೆ ತಟ್ಟುತ್ತದೆ? ಮೆನುವಿನಲ್ಲಿ ತೋರಿಸಲು ಯಾರೋ ಭಾಷೆಗಳ ಹೆಸರನ್ನು ಅವುಗಳ ಗುರುತಿನ ಹೆಸರಿನಲ್ಲೇ ಇಟ್ಟಿದ್ದಾರೆ ಅನ್ನಿ: ಸೆಟ್ ಕೆಎನ್ "ಕನ್ನಡ". ಇನ್ನೊಂದು ಫೈಲಿನಲ್ಲಿ ಮತ್ತೊಬ್ಬರು ಕೋಟ್ ಇಲ್ಲದೆ ಇಫ್ ಆಪ್_ಲ್ಯಾಂಗ್ ಸ್ಟ್ರ್‌ಈಕ್ವಲ್ ಕೆಎನ್ ಎಂದು ಬರೆಯುತ್ತಾರೆ. ಎಡಗಡೆ "ಕೆಎನ್", ಬಲಗಡೆ "ಕನ್ನಡ". ಹೊಂದುವುದೇ ಇಲ್ಲ! ಇಬ್ಬರೂ ಬರೆದದ್ದು ಬೇರೆಬೇರೆಯಾಗಿ ನೋಡಿದರೆ ಸರಿಯಾಗಿಯೇ ಇದೆ. ಹಾಗಾಗಿ ನಿಯಮ ಒಂದೇ: ಎಡಗಡೆ ಡಾಲರ್ ಬ್ರೇಸ್ ಹಾಕಿ ಬೆಲೆಯನ್ನು ನಾವೇ ಬಿಡಿಸಿ ಕೋಟ್ ಒಳಗೆ ಇಡುವುದು, ಬಲಗಡೆಯ ಪದವನ್ನೂ ಕೋಟ್ ಒಳಗೆ ಇಡುವುದು, ಕನಿಷ್ಠ ಆವೃತ್ತಿಯನ್ನು 3.1ರ ಮೇಲೆ ಏರಿಸುವುದು.

ಸ್ಕ್ರಿಪ್ಟ್ ತಿದ್ದಿದ ಮೇಲೂ ಬೆಲೆ ಬದಲಾಗದಿದ್ದರೆ ಕ್ಯಾಷ್ ನೋಡಿ. ಕ್ಯಾಷ್ ವೇರಿಯಬಲ್ಲಿನ ಮೊದಲ ಬೆಲೆ ಸಿಮೇಕ್‌ಕ್ಯಾಷ್ ಫೈಲಿನಲ್ಲಿ ಕೂತಿರುತ್ತದೆ, ನೀವು ಡೀಫಾಲ್ಟ್ ಬೆಲೆ ಎಷ್ಟು ಸಲ ತಿದ್ದಿದರೂ ಅದು ಕದಲುವುದಿಲ್ಲ. ಆ ಫೈಲು ಅಳಿಸಿ, ಅಥವಾ 3.24ರ ನಂತರದ ಸಿಮೇಕ್ ಆದರೆ ಮೈನಸ್ ಮೈನಸ್ ಫ್ರೆಶ್ ಕೊಟ್ಟು ಹೊಸದಾಗಿ ಶುರು ಮಾಡಿ.

ಕನ್ನಡದ ಗುರುತು ಒಂದಲ್ಲ

ಇಲ್ಲಿಯವರೆಗೆ ಹೇಳಿದ್ದು ಎಲ್ಲ ಭಾಷೆಗೂ ಸಮಾನ. ಈಗ ನಮ್ಮದೇ ಸಂಗತಿ. ಐಎಸ್‌ಓ 639ರ ಎರಡಕ್ಷರದ ಪಟ್ಟಿಯಲ್ಲಿ ಕನ್ನಡ ಅಂದರೆ ಕೆಎನ್, ಮೂರಕ್ಷರದ ಪಟ್ಟಿಯಲ್ಲಿ ಕೆಎಎನ್. ಲಿನಕ್ಸ್ ಲೊಕೇಲ್ ಹೆಸರಿನಲ್ಲಿ ಕೆಎನ್ ಅಂಡರ್‌ಸ್ಕೋರ್ ಐಎನ್, ಬೆನ್ನಿಗೆ ಚುಕ್ಕಿ ಇಟ್ಟು ಯುಟಿಎಫ್-8. ವೆಬ್ ಕಡೆ ಹೋದರೆ ಕೆಎನ್ ಹೈಫನ್ ಐಎನ್. ತಂತ್ರಾಂಶ ಓಡುವಾಗ ಗೆಟ್‌ಟೆಕ್ಸ್ಟ್ ಜಾಣ: ದೇಶದ ಗುರುತಿರುವ ಅನುವಾದ ಸಿಗದಿದ್ದರೆ ಬರೀ ಕೆಎನ್ ಹುಡುಕಿಕೊಳ್ಳುತ್ತದೆ. ಬಿಲ್ಡ್ ಸ್ಕ್ರಿಪ್ಟಿನ ಸ್ಟ್ರ್‌ಈಕ್ವಲ್‌ಗೆ ಆ ಜಾಣತನ ಇಲ್ಲ. ಅದಕ್ಕೆ ಕೆಎನ್ ಬೇರೆ, ಕೆಎನ್_ಐಎನ್ ಬೇರೆ.

ಹಾಗಾದರೆ ಪೂರ್ತಿ ಹೋಲಿಸುವುದು ಬೇಡ, ಒಳಗೆ ಎಲ್ಲಾದರೂ ಕೆಎನ್ ಇದೆಯೋ ನೋಡಿದರೆ ಸಾಕು ಅಂತ ಕೆಲವರು ಸಿಮೇಕ್‌ನಲ್ಲಿ ಮ್ಯಾಚಸ್, ಮೇಕ್‌ನಲ್ಲಿ ಫೈಂಡ್‌ಸ್ಟ್ರಿಂಗ್ ಹಾಕುತ್ತಾರೆ. ಈಗ ಅನ್‌ನೋನ್ ಎಂಬ ಇಂಗ್ಲಿಷ್ ಪದದ ಕಾಗುಣಿತ ನೆನಪಿಸಿಕೊಳ್ಳಿ: ಯು, ಎನ್, ಕೆ, ಎನ್... ಉಚ್ಚಾರಣೆಯಲ್ಲಿ ಕೇಳಿಸದ ಆ ಕೆ ಪಕ್ಕದಲ್ಲೇ ಎನ್ ಇದೆ! ಭಾಷೆ ಗೊತ್ತಾಗದಿದ್ದಾಗ ಸ್ಕ್ರಿಪ್ಟ್ "ಅನ್‌ನೋನ್" ಎಂದು ತುಂಬಿದರೆ, ಆ ಹೋಲಿಕೆಯ ಪ್ರಕಾರ ಅದು ಕನ್ನಡ. ಸರಿ, ಆರಂಭದಲ್ಲಿ ಮಾತ್ರ ನೋಡೋಣ ಎಂದರೆ ಐಎಸ್‌ಓ 639-3ರಲ್ಲಿ ಕೆಎನ್‌ಎನ್ ಎಂಬ ಗುರುತಿದೆ, ಅದು ಕೊಂಕಣಿಯದು. ಕೊಂಕಣಿ ಬಂಧುಗಳಿಗೆ ಕನ್ನಡದ ಫೈಲು ಕೊಟ್ಟರೆ ಅದೂ ಅನ್ಯಾಯವೇ. ಆದ್ದರಿಂದ ಸರಿಯಾದ ಪ್ರಶ್ನೆ ಇದು: ಕೆಎನ್‌ನಿಂದ ಶುರುವಾಗಬೇಕು, ಅದರ ನಂತರ ಪದ ಮುಗಿದಿರಬೇಕು, ಇಲ್ಲವೇ ಹೈಫನ್ ಅಥವಾ ಅಂಡರ್‌ಸ್ಕೋರ್ ಇರಬೇಕು. ಒಂದು ಸಣ್ಣ ರೆಗ್ಯುಲರ್ ಎಕ್ಸ್‌ಪ್ರೆಷನ್, ಅಷ್ಟೇ.

ಕಣ್ಣಿಗೆ ಒಂದೇ, ಬೈಟಿಗೆ ಬೇರೆ

ಕೆಲವು ಸ್ಕ್ರಿಪ್ಟುಗಳು ಕನ್ನಡ ಪಠ್ಯವನ್ನೇ ಹೋಲಿಸುತ್ತವೆ. ಅನುವಾದದಲ್ಲಿ ಒಪ್ಪಿತ ಪದಕೋಶದ ಪದವನ್ನೇ ಬಳಸಿದ್ದಾರೋ ಎಂದು ನೋಡುವ ಪರೀಕ್ಷೆ ಅಂಥದ್ದು. ಇಲ್ಲಿ ಯೂನಿಕೋಡ್ ತಿಳಿದಿರಬೇಕು. ಓತ್ವದ ಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು. ಎತ್ವ, ಊತ್ವದ ಕೊಂಬು, ದೀರ್ಘದ ಚಿಹ್ನೆ ಎಂದು ಮೂರಾಗಿ ಬಿಡಿಸಿಯೂ ಬರೆಯಬಹುದು. ಯೂನಿಕೋಡ್ ಪ್ರಕಾರ ಎರಡೂ ಸಮಾನ, ಪರದೆಯ ಮೇಲೂ ಒಂದೇ. ಆದರೆ ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ ಮೂರು ಬೈಟು. "ಕೋಶ" ಎಂಬ ಪದ ಒಂದು ರೀತಿಯಲ್ಲಿ 9 ಬೈಟು, ಇನ್ನೊಂದು ರೀತಿಯಲ್ಲಿ 15. ಸಾಮಾನ್ಯ ಸ್ಟ್ರಿಂಗ್ ಹೋಲಿಕೆ ಬೈಟುಗಳನ್ನಷ್ಟೇ ನೋಡುತ್ತದೆ. ಆಪಲ್‌ನ ಹಳೆಯ ಎಚ್‌ಎಫ್‌ಎಸ್ ಪ್ಲಸ್ ಫೈಲ್ ಸಿಸ್ಟಮ್ ಫೈಲಿನ ಹೆಸರುಗಳನ್ನು ಬಿಡಿಸಿದ ರೂಪದಲ್ಲೇ ಇಡುತ್ತಿತ್ತು. ಕನ್ನಡದಲ್ಲಿ ಫೋಲ್ಡರಿಗೆ ಹೆಸರಿಟ್ಟು ಅದನ್ನು ಸ್ಕ್ರಿಪ್ಟಿನಲ್ಲಿ ಹೋಲಿಸಿದರೆ ಅಲ್ಲಿ ಹೊಂದದೆ ಹೋಗುವ ಸಾಧ್ಯತೆ ಇತ್ತು.

ಇನ್ನು ಝಡ್‌ಡಬ್ಲ್ಯುಎನ್‌ಜೆ. "ರಾಜ್‌ಕುಮಾರ್" ಎಂದು ಬರೆಯುವಾಗ ಜ್ ಕೆಳಗೆ ಕ ಒತ್ತಾಗದಂತೆ ತಡೆಯುವ, ಕಾಣದ ಆ ಸಂಕೇತ. ನಡುವೆ ಇದ್ದರೆ ರೂಪದಲ್ಲಿ ವ್ಯತ್ಯಾಸವಾದರೂ ಕಾಣುತ್ತದೆ. "ಫೈಲ್" ಎಂಬ ಪದದ ಕೊನೆಯಲ್ಲಿ ಅಂಟಿಕೊಂಡಿದ್ದರೆ ಏನೂ ಕಾಣುವುದಿಲ್ಲ, 12 ಬೈಟಿನ ಪದ 15 ಆಗಿರುತ್ತದೆ ಅಷ್ಟೇ. ಸಿಮೇಕ್‌ನ ಸ್ಟ್ರಿಂಗ್ ಲೆಂಗ್ತ್ ಬೈಟುಗಳನ್ನೇ ಎಣಿಸುತ್ತದೆ, ಹಾಗಾಗಿ ಇಂಥದ್ದನ್ನು ಹಿಡಿಯಲು ಅದು ಒಳ್ಳೆಯ ತಕ್ಕಡಿ. ಪರಿಹಾರ ಎರಡು ಹೆಜ್ಜೆ. ಹೋಲಿಸುವ ಮೊದಲು ಎರಡೂ ಪಠ್ಯವನ್ನು ಎನ್‌ಎಫ್‌ಸಿ ರೂಪಕ್ಕೆ ತನ್ನಿ, ಪೈಥಾನ್‌ನಲ್ಲಿ ಇದು ಒಂದು ಸಾಲಿನ ಕೆಲಸ. ಆದರೆ ಎನ್‌ಎಫ್‌ಸಿ ಝಡ್‌ಡಬ್ಲ್ಯುಎನ್‌ಜೆಯನ್ನು ತೆಗೆಯುವುದಿಲ್ಲ, ಪದದ ಕೊನೆಯಲ್ಲಿರುವುದನ್ನು ನೀವೇ ತೆಗೆಯಬೇಕು. ಸಾಧ್ಯವಿದ್ದ ಕಡೆ ಹೋಲಿಕೆಗೆ ಗುರುತುಗಳನ್ನು ಬಳಸಿ, ಕನ್ನಡ ಪಠ್ಯವನ್ನು ಓದುವವರಿಗೆ ಬಿಡಿ.

ಹುಡುಕುವ ಕ್ರಮ

ಇಷ್ಟೆಲ್ಲ ನೆನಪಿಡುವುದು ಕಷ್ಟ. ನಾಲ್ಕು ಹೆಜ್ಜೆ ನೆನಪಿದ್ದರೆ ಸಾಕು.

ಒಂದು, ಹೋಲಿಕೆಯ ಹಿಂದಿನ ಸಾಲಿನಲ್ಲೇ ಎರಡೂ ಬೆಲೆಗಳನ್ನು ಚೌಕ ಬ್ರಾಕೆಟ್ಟಿನೊಳಗೆ ಮುದ್ರಿಸಿ. ಸಿಮೇಕ್‌ನಲ್ಲಿ ಮೆಸೇಜ್, ಮೇಕ್‌ನಲ್ಲಿ ಇನ್ಫೋ, ಶೆಲ್‌ನಲ್ಲಿ ಪ್ರಿಂಟ್‌ಎಫ್. ಬ್ರಾಕೆಟ್ ಇದ್ದರೆ ಖಾಲಿ ಬೆಲೆ, ಹಿಂದಿನ ಸ್ಪೇಸ್ ಎರಡೂ ಕಾಣುತ್ತವೆ. ಮುಚ್ಚುವ ಬ್ರಾಕೆಟ್ ಸಾಲಿನ ಮೊದಲಿಗೆ ಬಂದು ಕೂತಿದ್ದರೆ, ಆ ಬೆಲೆ ಬಂದ ಫೈಲನ್ನು ವಿಂಡೋಸ್‌ನಲ್ಲಿ ಉಳಿಸಿದ್ದಾರೆ, ಸಾಲಿನ ಕೊನೆಗೆ ಕ್ಯಾರೇಜ್ ರಿಟರ್ನ್ ಅಂಟಿದೆ ಎಂದು ಅನುಮಾನಿಸಿ.

ಎರಡು, ಕಣ್ಣಿಗೆ ಒಂದೇ ಕಂಡರೆ ಓಡಿ ಮೈನಸ್ ಸಿ ಹಾಕಿ ಬೈಟು ನೋಡಿ.

ಮೂರು, ಬೆಲೆ ಎಲ್ಲಿಂದ ಬಂತು ಎಂದು ಹಿಂದಕ್ಕೆ ಹೋಗಿ: ಕ್ಯಾಷ್, ಎನ್ವಿರಾನ್‌ಮೆಂಟ್, ಕಮಾಂಡ್ ಲೈನ್. ಸಿಮೇಕ್‌ಗೆ ಟ್ರೇಸ್-ಎಕ್ಸ್‌ಪ್ಯಾಂಡ್, ಶೆಲ್‌ಗೆ ಸೆಟ್ ಮೈನಸ್ ಎಕ್ಸ್, ಮೇಕ್‌ಗೆ ಮೈನಸ್ ಪಿ ಇವೆ.

ನಾಲ್ಕು, ಎಲ್ಸ್‌ಗೆ ಬಾಯಿ ಕೊಡಿ. ಗೊತ್ತಿಲ್ಲದ ಬೆಲೆ ಬಂದರೆ ಫೇಟಲ್ ಎರರ್ ಕೊಟ್ಟು ಬಿಲ್ಡ್ ನಿಲ್ಲಲಿ. ಕೊನೆಗೆ ಪ್ಯಾಕೇಜ್ ಬಿಚ್ಚಿ ಕನ್ನಡದ ಎಂಓ ಫೈಲು ಒಳಗಿದೆಯೋ ಎಂದು ನೋಡುವ ಒಂದು ಪರೀಕ್ಷೆ ಸೇರಿಸಿ. ಮೇಲೆ ಹೇಳಿದ ಗುಂಡಿಗಳಲ್ಲಿ ಯಾವುದಕ್ಕೆ ಬಿದ್ದು ಕನ್ನಡದ ಫೈಲು ತಪ್ಪಿಹೋಗಿದ್ದರೂ ಈ ಒಂದು ಪರೀಕ್ಷೆ ಹಿಡಿದುಕೊಡುತ್ತದೆ.

ಕೊನೆಯದಾಗಿ

ಗೆಳೆಯರೇ, ಕನ್ನಡ ಕಾಣದಿದ್ದಾಗ ನಮ್ಮ ಮೊದಲ ಪ್ರತಿಕ್ರಿಯೆ ಸಿಟ್ಟಿನ ಇಮೇಲ್. "ಕನ್ನಡಕ್ಕೆ ಅನ್ಯಾಯವಾಗಿದೆ" ಎಂದು ಇಪ್ಪತ್ತು ಜನ ಸಹಿ ಹಾಕಿ ಕಳಿಸುತ್ತೇವೆ. ಬೇಕೆಂದೇ ಕನ್ನಡ ಕೈಬಿಟ್ಟ ಕಡೆ ಅಂಥ ದನಿ ಖಂಡಿತ ಬೇಕು. ಆದರೆ ಆ ಕಡೆ ಇರುವ ಎಂಜಿನಿಯರಿಗೆ ತಾನು ಕನ್ನಡ ಕೈಬಿಟ್ಟಿದ್ದೇನೆ ಎಂಬುದೇ ಗೊತ್ತಿಲ್ಲದಿದ್ದರೆ, ನಮ್ಮ ಸಿಟ್ಟು ಅವನಿಗೆ ಅರ್ಥವೇ ಆಗುವುದಿಲ್ಲ. ಅವನಿಗೆ ಬೇಕಾಗಿರುವುದು ಮೂರು ಸಾಲು: ಈ ಬೆಲೆ ಬಂತು, ಇದರ ಜೊತೆ ಹೋಲಿಸಿದಿರಿ, ಹಾಗಾಗಿ ಎಲ್ಸ್‌ಗೆ ಹೋಯಿತು. ಜೊತೆಗೆ ಒಂದು ಪ್ಯಾಚ್. ಅದನ್ನು ಬೇಡವೆನ್ನಲು ಅವನಿಗೆ ಕಾರಣ ಸಿಗುವುದು ಕಷ್ಟ.

ನಮ್ಮಲ್ಲಿ ಅನುವಾದ ಮಾಡುವವರು ಕೆಲವರು, ಬಿಲ್ಡ್ ಸ್ಕ್ರಿಪ್ಟ್ ಓದಬಲ್ಲವರು ಬಹಳ ಜನ. ಎರಡನೆಯವರು "ನನ್ನ ಕನ್ನಡ ಅಷ್ಟು ಚೆನ್ನಾಗಿಲ್ಲ, ನಾನೇನು ಮಾಡಲಿ" ಎಂದು ಹಿಂದೆ ಸರಿಯುವುದನ್ನು ಕೇಳುತ್ತಿರುತ್ತೇವೆ. ಅವರಿಗೆಲ್ಲ ಕೆಲಸ ಇಲ್ಲಿದೆ! ಈ ತಿಂಗಳು ಒಬ್ಬೊಬ್ಬರು ಒಂದೊಂದು ಓಪನ್ ಸೋರ್ಸ್ ಯೋಜನೆ ಆರಿಸಿಕೊಳ್ಳಿ. ಅದರಲ್ಲಿ ಕನ್ನಡದ ಪಿಓ ಫೈಲು ಇದೆಯೇ ನೋಡಿ. ಇದ್ದರೆ ಬಿಲ್ಡ್ ಮಾಡಿ, ಪ್ಯಾಕೇಜ್ ಬಿಚ್ಚಿ, ಕನ್ನಡ ಒಳಗೆ ಬಂದಿದೆಯೇ ನೋಡಿ. ಬಂದಿದ್ದರೆ ಸಂತೋಷ, ಆ ಪರೀಕ್ಷೆಯನ್ನು ಸ್ಕ್ರಿಪ್ಟಿಗೆ ಸೇರಿಸಿ ಕಳಿಸಿ. ಬಂದಿಲ್ಲದಿದ್ದರೆ ಯಾವ ಇಫ್ ತಡೆಯಿತು ಎಂದು ಹುಡುಕಿ. ಒಂದು ಸಂಜೆಯ ಕೆಲಸ. ಯಾರೋ ನೂರು ಸಂಜೆ ಕೂತು ಮಾಡಿದ ಅನುವಾದ ಅದರಿಂದ ಊರು ಮುಟ್ಟುತ್ತದೆ.

ಏನು ಸಿಕ್ಕಿತು ಎಂದು ಮುಂದಿನ ಕೂಟದಲ್ಲಿ ಹೇಳಿ, ಎಲ್ಲರೂ ಸೇರಿ ನೋಡೋಣ.

ಸಿರಿಗನ್ನಡಂ ಗೆಲ್ಗೆ!